ಆಯತಪ್ಪಿ ಬಿದ್ದರು ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಮರಕ್ಕೆ ಹಬ್ಬಿದ ಬಳ್ಳಿಯಿಂದ ಕಾಳುಮೆಣಸಿನ ಕುಯ್ಲು ಶುರುವಾಯಿತೆಂದರೆ ಸಕಲೇಶಪುರ, ಬೇಲೂರು, ಮೂಡಿಗೆರೆ, ಆಲ್ದೂರು ಕಡೆಯಿಂದ ಜಿಲ್ಲಾ ಪುಟಕ್ಕೆ ಒಂದೇ ಅಚ್ಚಿನ ಸುದ್ದಿ ಬರುತ್ತದೆ: ‘ಮರದಿಂದ ಆಯತಪ್ಪಿ ಬಿದ್ದು ಕಾರ್ಮಿಕ ಸಾವು’. ಮುಂಗಾರಿನ ಹೊತ್ತಿಗೆ ಮರಗಸಿ, ಅಂದರೆ ಕಾಫಿ ತೋಟದ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾದರೆ ಮತ್ತೆ ಅದೇ ಸಾಲು. ಆಯ ತಪ್ಪುವುದು ಇದ್ದದ್ದೇ. ಪಾಚಿ ಹಿಡಿದ ಮರದ ಮೇಲೆ, 30–40 ಅಡಿ ಎತ್ತರದಲ್ಲಿ, ಕುತ್ತಿಗೆಯೊಳಗೆ ಚಗಳಿ ಇರುವೆ ಇಳಿದರೆ ಯಾರ ಕೈಯಾದರೂ ಬಿಡುತ್ತದೆ. ಕೈ ಬಿಟ್ಟಾಗ ಮೈಯನ್ನು ಏನು ಹಿಡಿಯಬೇಕಿತ್ತು, ಅದು ಯಾಕೆ ಹಿಡಿಯಲಿಲ್ಲ ಎನ್ನುವುದು ಮಾತ್ರ ಅಚ್ಚಾಗುವುದಿಲ್ಲ.

ಒಂಟಿ ಬಿದಿರೇಣಿಗೂ ಅಲ್ಯೂಮಿನಿಯಂ ಏಣಿಗೂ ಬದಲಾಗಿ ಹಗ್ಗ ಮತ್ತು ಬೆಲ್ಟು ತರಿಸುವ ಯೋಚನೆ ಈಗ ಕೆಲವು ತೋಟದವರಿಗೆ ಬಂದಿದೆ. ಒಳ್ಳೆಯದೇ. ಏಣಿ ಬಳ್ಳಿಯ ಮೇಲೆಯೇ ಒರಗಿ ಅಡ್ಡರೆಂಬೆ ಮುರಿಯುತ್ತದೆ. ಅಲ್ಯೂಮಿನಿಯಂ ಏಣಿ 11 ಕೆ.ವಿ. ತಂತಿಗೆ ತಾಗಿದರೆ ಹಿಡಿದವರೂ ಉಳಿಯುವುದಿಲ್ಲ. ಆದರೆ ಆನ್‌ಲೈನಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ‘ಹಂಟಿಂಗ್ ಸ್ಯಾಡಲ್’. ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆಗೆ ಹೊಂಚು ಹಾಕುವವರು ಮರಕ್ಕೆ ನೇತುಕೊಂಡು ಕೂರಲು ಮಾಡಿಕೊಂಡ ಅಗಲ ಪಟ್ಟಿ ಅದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿಯ ಮಾತೇ ಇಲ್ಲ. ಕೂರುವ ವಿದ್ಯೆಯೇನೋ ನಮಗೆ ಹೊಸದಲ್ಲ. ಕೊಪ್ಪ, ಶೃಂಗೇರಿ ಕಡೆಯ ಕೊನೆಗಾರ, ಅಂದರೆ ಅಡಿಕೆ ಗೊನೆ ಇಳಿಸುವವ, ಕಾಲಿಗೆ ತಳೆ ಎಂಬ ಹಗ್ಗದ ಬಳೆ ಹಾಕಿ ಅಡಿಕೆ ಮರ ಏರಿ, ಮಣೆ ಕಟ್ಟಿ ಕೂತು ಕೊನೆ ತೆಗೆಯುವುದೂ ಇದೇ ಲೆಕ್ಕ.

ಸ್ಯಾಡಲ್ ಇರುವುದು ಕೂರುವುದಕ್ಕೆ, ಬೀಳುವುದಕ್ಕಲ್ಲ. ಸೊಂಟ ಮತ್ತು ತೊಡೆಗೆ ಪಟ್ಟಿ, ಮುಂದೆ ಹೊಕ್ಕುಳ ಮಟ್ಟದಲ್ಲಿ ಹಗ್ಗದ ಒಂದು ಕುಣಿಕೆ, ಎರಡು ಬದಿಗೆ ಕಾಂಡ ಸುತ್ತುವ ಹಗ್ಗಕ್ಕೆ ಕೊಂಡಿ, ಇಷ್ಟೇ. ಮೇಲಿನ ಹಗ್ಗ ಸದಾ ಬಿಗಿಯಾಗಿದ್ದರೆ ಇದು ಸಾಕು. ಹಗ್ಗ 3 ಅಡಿ ಸಡಿಲವಿದ್ದು ಮನುಷ್ಯ ಬಿದ್ದರೆ, ಹಿಗ್ಗದ ಸ್ಟ್ಯಾಟಿಕ್ ಹಗ್ಗದಲ್ಲಿ ಆ ಜಗ್ಗಿಗೆ ಬೆನ್ನುಮೂಳೆ ತಡೆಯಲಾರದು. ಪ್ರಜ್ಞೆ ತಪ್ಪಿದರೆ ತಲೆಕೆಳಗಾಗಿ ಜಾರುವ ಭಯವೂ ಇದೆ. ತೋಟದ ಕೆಲಸಕ್ಕೆ ಎದೆ, ಭುಜ, ತೊಡೆ ಮೂರನ್ನೂ ಹಿಡಿಯುವ, ಐಎಸ್ 3521 (ಭಾರತೀಯ ಮಾನಕ) ಗುರುತಿನ ಪೂರ್ತಿ ಮೈಯ ಹಾರ್ನೆಸ್ ಬೇಕು, ಮುಂದುಗಡೆ ಕೂರುವ ಕೊಂಡಿ ಇರುವಂಥದ್ದು. ಬೆನ್ನಿಗೆ ಮಾತ್ರ ಕೊಂಡಿಯಿರುವ ಕಟ್ಟಡ ಕೆಲಸದ ಬೆಲ್ಟಿನಲ್ಲಿ ಮೆಣಸು ಕೊಯ್ಯಲಾಗುವುದಿಲ್ಲ. ನೇತುಬಿದ್ದವನ ಮುಖ ಮರಕ್ಕಿರುವುದಿಲ್ಲ, ನೆಲಕ್ಕಿರುತ್ತದೆ.

ಇನ್ನು ಹಗ್ಗ. ಸಂತೆಯಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲೂ ‘ನೈಲಾನ್ ಹಗ್ಗ’ ಎಂದು ಕೊಡುವ ಹಳದಿ, ನೀಲಿ ಹಗ್ಗ ಎಷ್ಟೋ ಸಲ ನೈಲಾನೇ ಅಲ್ಲ, ಪಾಲಿಪ್ರೊಪಿಲೀನ್. ಗುರುತಿಸುವುದು ಸುಲಭ: ಒಂದು ಗೇಣು ತುಂಡನ್ನು ಬಕೆಟ್ ನೀರಿಗೆ ಹಾಕಿ ಅದುಮಿ ಗಾಳಿ ಬಿಡಿಸಿ. ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಅದರ ಜಾತಿಯದು. ನೈಲಾನ್, ಪಾಲಿಯೆಸ್ಟರ್ ಮುಳುಗುತ್ತವೆ. ತೇಲುವ ಹಗ್ಗ ದನ ಕಟ್ಟಲು ಸರಿ. ಅದು ಸುಮಾರು 165 ಡಿಗ್ರಿಗೆ ಕರಗುತ್ತದೆ, ಬಿಸಿಲಿಗೆ ಬೇಗ ಹುಡಿಯಾಗುತ್ತದೆ. ಗಂಟು ಉಜ್ಜಿಕೊಂಡು ಜಾರುವಾಗ ಹುಟ್ಟುವ ಕಾವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮುಳುಗಿದ ಮಾತ್ರಕ್ಕೆ ಮೈಭಾರ ಹೊರುವ ಹಗ್ಗವೂ ಆಗಿಬಿಡುವುದಿಲ್ಲ. ಬೇಕಾದದ್ದು ಒಳಗೆ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ 11 ಮಿ.ಮೀ. ಸ್ಟ್ಯಾಟಿಕ್ ಹಗ್ಗ, ಅದರ ಚೀಟಿಯ ಮೇಲೆ ಯುರೋಪಿನ ಮಾನಕದ ಗುರುತು ಇಎನ್ 1891, ಟೈಪ್ ಎ ಎಂದು ಇರಬೇಕು. ಆ ದರ್ಜೆಯ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ 2,200 ಕಿಲೋ ಹತ್ತಿರದ ಎಳೆತ ತಡೆಯಬೇಕು. ಇದೇನು ಅತಿಯಾಯಿತು ಅನ್ನಿಸಬಹುದು. ಗಂಟು ಹಾಕಿದೊಡನೆ ಮೂರರಲ್ಲಿ ಒಂದು ಪಾಲು ಹೋಯಿತು, ನೈಲಾನ್ ಒದ್ದೆಯಾದರೆ ಇನ್ನಷ್ಟು ಹೋಯಿತು, ತೊಗಟೆಗೆ ಉಜ್ಜಿ ಸವೆದದ್ದು ಬೇರೆ. ಸ್ಯಾಡಲ್‌ನವರು ಹೊರೆ ಕಡಿಮೆ ಮಾಡಿಕೊಳ್ಳಲು 8 ಮಿ.ಮೀ. ಹಗ್ಗ ಒಯ್ಯುತ್ತಾರೆ, ವರ್ಷಕ್ಕೆ ಕೆಲವು ಬೆಳಗ್ಗೆ ಹತ್ತುವವರಿಗೆ ಅದು ನಡೆದೀತು. ದಿನಕ್ಕೆ ಹತ್ತಾರು ಮರ ಏರುವ ಒದ್ದೆ ಕೈಗೆ 8 ಮಿ.ಮೀ. ಹಿಡಿತವೇ ಸಿಗುವುದಿಲ್ಲ.

ಈಗ ಜೋಡಣೆಯ ಮಾತು, ಅದು ಮೂರು ಬಗೆ. ಕಾಂಡಕ್ಕೆ ಹಗ್ಗ ಸುತ್ತಿ ಸೊಂಟದ ಎರಡು ಬದಿಗೆ ಸಿಕ್ಕಿಸಿ ಹತ್ತುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಲೈನ್‌ಮನ್‌ಗಳದ್ದು. ಬೋಳು ಮರದ ಮರಗಸಿಗೆ ಪರವಾಗಿಲ್ಲ, ಮೆಣಸಿನ ಮರಕ್ಕೆ ಆಗದು. ಪ್ರತಿ ಸಲ ಮೇಲೆ ಸರಿಸುವಾಗ ಬಳ್ಳಿ ಕೀಳುತ್ತದೆ. ಕಾಲು ಜಾರಿದರೆ ಆ ಕುಣಿಕೆ ಕಾಂಡದ ಮೇಲೆ ಬಳೆಯ ಹಾಗೆ ಸರ್ರನೆ ಇಳಿಯುತ್ತದೆ, ಕಾಂಡಕ್ಕೆ ಎರಡು ಸುತ್ತು ಹಾಕಿದ್ದರೆ ಮಾತ್ರ ಕಚ್ಚೀತು. ಕೊಂಬೆ ದಾಟುವಾಗ ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಮೇಲೆ ಹಾಕಿರಬೇಕು, ಹಾಗಾಗಿ ಇದಕ್ಕೂ ಎರಡು ಹಗ್ಗ ಬೇಕು. ಒಂದೇ ಹಗ್ಗದಲ್ಲಿ ‘ಕ್ಷಣದ ಮಟ್ಟಿಗೆ’ ಬಿಚ್ಚಿ ದಾಟುವವರೇ ಹೆಚ್ಚು.

ಎರಡನೆಯದು ಜೋಡಿ ಹಗ್ಗ. ಕವಲಿನ ಮೇಲೆ ಹಾಯಿಸಿದ ಹಗ್ಗದ ಒಂದು ತುದಿ ಹಾರ್ನೆಸ್‌ಗೆ ಕಟ್ಟಿರುತ್ತದೆ. ಅದೇ ತುದಿಯ ಉಳಿದ ಬಾಲದಿಂದ ಇನ್ನೊಂದು ಎಳೆಯ ಮೇಲೆ ಕಚ್ಚುವ ಗಂಟು ಹಾಕಿ ಅದನ್ನು ಮೇಲೆ ಸರಿಸುತ್ತ ಏರುವುದು. ಬ್ಲೇಕ್ಸ್ ಗಂಟು ಇದಕ್ಕೆ ಸರಿ: ಕೆಳಗಿನಿಂದ ಮೇಲಕ್ಕೆ 4 ಸುತ್ತು, ಆಮೇಲೆ ತುದಿಯನ್ನು ಮುಂದಿನಿಂದ ಕೆಳಕ್ಕೆ ತಂದು, ಮುಖ್ಯ ಎಳೆಯ ಹಿಂದಾಗಿ ಕೆಳಗಿನ 2 ಸುತ್ತುಗಳೊಳಗೆ ತೂರಿಸುವುದು, ಬಾಲಕ್ಕೆ 8ರ ಆಕಾರದ ತಡೆಗಂಟು. ಪತ್ರ ಓದಿ ಕಲಿಯುವ ವಿದ್ಯೆ ಇದಲ್ಲ. ಬಲ್ಲವರ ಎದುರು ನೆಲದಿಂದ ಎರಡಡಿ ಮೇಲೆ ಹತ್ತು ಸಲ ಕೂತೆದ್ದು ಕಲಿಯಬೇಕು. ಇದರ ದೊಡ್ಡ ಗುಣ, ಹತ್ತಲೂ ಇಳಿಯಲೂ ಅದೇ ಗಂಟು, ಮರದ ತುದಿಯಲ್ಲಿ ಏನನ್ನೂ ಬಿಚ್ಚಿ ಕಟ್ಟುವುದಿಲ್ಲ. ಕವಲಿನ ಮೇಲೆ ಬೀಳುವುದೂ ಒಬ್ಬನ ಭಾರ ಅಷ್ಟೇ. ಅವಗುಣ, 1 ಅಡಿ ಏರಲು 2 ಅಡಿ ಎಳೆಯಬೇಕು, 40 ಅಡಿ ಕವಲಿಗೆ 100 ಅಡಿ ಹಗ್ಗ ಬೇಕು, ತೊಗಟೆಗೆ ಉಜ್ಜಿ ಹಗ್ಗವೂ ಮರವೂ ಸವೆಯುತ್ತದೆ. ಉಜ್ಜುವ ಜಾಗಕ್ಕೆ ಮೊಳದುದ್ದದ ಗಾರ್ಡನ್ ಪೈಪ್ ತುಂಡನ್ನು ಹಗ್ಗಕ್ಕೆ ತೊಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಮೂರನೆಯದು ಒಂಟಿ ಹಗ್ಗ. ಹಗ್ಗ ನಿಂತಿರುತ್ತದೆ, ಮನುಷ್ಯ ಅದರ ಮೇಲೆ ಏರುತ್ತಾನೆ. ಕೈಗೊಂದು, ಕಾಲಿಗೊಂದು ಅಸೆಂಡರ್ (ಹಗ್ಗ ಕಚ್ಚಿ ಹಿಡಿಯುವ ಸಲಕರಣೆ) ಹಾಕಿದರೆ ಮೆಟ್ಟಿಲು ಹತ್ತಿದಷ್ಟು ಸಲೀಸು. ಮೆಣಸು ಕುಯ್ಲಿಗೆ ಇದೇ ವೇಗದ್ದು. ತೊಂದರೆಯಿರುವುದು ಇಳಿಯುವುದರಲ್ಲಿ. ಅಸೆಂಡರ್ ಮೇಲಕ್ಕೆ ಮಾತ್ರ ಸರಿಯುತ್ತದೆ, ಭಾರ ಕೂತ ಮೇಲೆ ಬಿಚ್ಚಲೂ ಬಾರದು. ಅಲ್ಲಿ ನೇತಾಡುತ್ತಲೇ ಹತ್ತುವ ಸಲಕರಣೆಯಿಂದ ಇಳಿಯುವ ಸಲಕರಣೆಗೆ ಬದಲಾಗಬೇಕು. ಎಚ್ಚರ ಹೆಚ್ಚು ಬೇಕಾದ ಗಳಿಗೆ ಇದೇ. ಮೊದಲು ಕಾಂಡಕ್ಕೆ ಸೊಂಟದ ಹಗ್ಗ. ಆಮೇಲೆ ಅಸೆಂಡರಿನ ಕೆಳಗೆ, ಸಡಿಲ ಉಳಿಯದಂತೆ, ಹಾರ್ನೆಸ್‌ಗೆ ಸಿಕ್ಕಿಸಿದ 8ರ ಆಕಾರದ ಲೋಹದ ಇಳಿಬಳೆಗೆ ಹಗ್ಗ ತೂರಿಸುವುದು. ಅದರ ಕೆಳಗೆ ಬೇರೆ ದಾರದಿಂದ 3–4 ಸುತ್ತಿನ ಕಚ್ಚುಗಂಟು, ತೊಡೆಪಟ್ಟಿಗೆ ಸಿಕ್ಕಿಸಿ. ಕಾಲಿನ ಕುಣಿಕೆಯಲ್ಲಿ ಎದ್ದು ನಿಂತು, ಮೇಲಿನ ಅಸೆಂಡರನ್ನು ಬಿಚ್ಚದೆ ಅದರ ಬಾಯಿ ಮಾತ್ರ ಸಡಿಲಿಸಿ, ನಿಧಾನಕ್ಕೆ ಬಳೆಯ ಮೇಲೆ ಕೂರುವುದು. ಬಳೆ ಭಾರ ಹೊತ್ತಿತೆಂದು ಖಾತ್ರಿಯಾದ ಮೇಲೆ ಅಸೆಂಡರ್ ತೆಗೆಯುವುದು, ಎಲ್ಲಕ್ಕಿಂತ ಕೊನೆಗೆ ಸೊಂಟದ ಹಗ್ಗ.

ಇದರಲ್ಲಿ ಕೆಡುವ ಜಾಗಗಳು ಮೂರು-ನಾಲ್ಕು. ಅಸೆಂಡರಿಗೆ ಕಟ್ಟಿದ ಪಟ್ಟಿ ತೋಳಿಗಿಂತ ಉದ್ದವಿದ್ದರೆ, ಕೂತ ಮೇಲೆ ಅದು ಕೈಗೆ ಎಟುಕುವುದಿಲ್ಲ. ಮನುಷ್ಯ ಮೇಲೂ ಹೋಗಲಾರ, ಕೆಳಗೂ ಬರಲಾರ. ತೊಡೆಯ ಕಚ್ಚುಗಂಟಿನ ದಾರ ಉದ್ದವಾದರೆ ಗಂಟು ಬಳೆಗೆ ತಾಗಿ ಹಿಡಿತ ಬಿಡುತ್ತದೆ. ಬೇಕಾದ ಗಳಿಗೆಯಲ್ಲೇ ಬಿಡುವುದು ಅದು. ಕಚ್ಚುಗಂಟಿನ ದಾರ ಮುಖ್ಯ ಹಗ್ಗಕ್ಕಿಂತ ತೆಳುವಾಗಿರಬೇಕು, 11ಕ್ಕೆ 8 ಮಿ.ಮೀ.; ಬ್ಲೇಕ್ಸ್ ಗಂಟಿನ ಮಾತು ಬೇರೆ, ಈ ಗಂಟಿನಲ್ಲಿ ಎರಡೂ ಒಂದೇ ದಪ್ಪವಿದ್ದರೆ ಸುತ್ತು ಸರಿಯಾಗಿ ಕಚ್ಚುವುದಿಲ್ಲ. ಇನ್ನೊಂದು, ಹಗ್ಗ ನೆಲ ಮುಟ್ಟದಿರುವುದು. ಕಾಫಿ ಗಿಡದ ನಡುವೆ ಮೇಲಿನಿಂದ ನೋಡಿದರೆ ತುದಿ ಎಲ್ಲಿದೆ ಎಂದು ಕಾಣುವುದಿಲ್ಲ. ಇಳಿಜಾರಿನ ತೋಟದಲ್ಲಿ ಮರದ ಮೇಲ್ಬದಿಗೂ ಕೆಳಬದಿಗೂ ನಾಲ್ಕೈದು ಅಡಿ ವ್ಯತ್ಯಾಸ ಇದ್ದೇ ಇರುತ್ತದೆ. ತುದಿಯಲ್ಲಿ ದಪ್ಪನೆಯ ತಡೆಗಂಟು ಇದ್ದರೆ ಬಳೆ ಅಲ್ಲಿಗೆ ಬಂದು ನಿಲ್ಲುತ್ತದೆ, ಇಲ್ಲದಿದ್ದರೆ ಹಗ್ಗ ಮುಗಿದ ಕಡೆ ಮನುಷ್ಯನೂ ಕಳಚುತ್ತಾನೆ. ಕಾಸು ಖರ್ಚಿಲ್ಲದ ಗಂಟು ಇದು.

ಇಳಿಯುವ ವೇಗವನ್ನೂ ಹೇಳಬೇಕು. ಸಿನಿಮಾದಂತೆ ಜರ್ರನೆ ಇಳಿದರೆ ಗಂಟಿನ ನೈಲಾನ್ ಹೊಳಪು ಬಂದು ಗಾಜಿನಂತೆ ಗಟ್ಟಿಯಾಗುತ್ತದೆ. ಆ ದಾರ ಮತ್ತೆ ಕಚ್ಚುವುದಿಲ್ಲ, ಅದನ್ನು ಕತ್ತರಿಸಿ ಎಸೆಯಬೇಕು. 40 ಅಡಿ ಇಳಿಯಲು ಅರ್ಧ ನಿಮಿಷವಾದರೂ ಹಿಡಿಯಬೇಕು. ಹಿಡಿಕೆ ಬಿಟ್ಟರೆ ತಾನೇ ನಿಲ್ಲುವ, ಇಳಿಯುವುದಕ್ಕೆಂದೇ ಮಾಡಿದ ಸಾಧನಗಳು ಚೆನ್ನ. ಚಗಳಿ ಕಚ್ಚಿ ಎರಡೂ ಕೈ ಮುಖಕ್ಕೆ ಹೋದರೂ ನಿಂತಲ್ಲೇ ನಿಲ್ಲುತ್ತಾನೆ. ಆದರೆ ಅವುಗಳ ಮೈಮೇಲೆ ಎಷ್ಟರಿಂದ ಎಷ್ಟು ಮಿ.ಮೀ. ಹಗ್ಗವೆಂದು ಕೆತ್ತಿರುತ್ತದೆ. 10ರಿಂದ 11.5 ಎಂದಿರುವುದಕ್ಕೆ 8 ಮಿ.ಮೀ. ಹಗ್ಗ ಹಾಕಿದರೆ ಅದು ಬರೀ ಕೊಕ್ಕೆ. ಹಲ್ಲಿನ ಅಸೆಂಡರಿನ ಮೇಲೆ ಸಡಿಲ ಹಗ್ಗದಲ್ಲಿ ಬೀಳುವುದೂ ಹೀಗೆಯೇ ಕೆಟ್ಟದ್ದು. 400 ಕಿಲೋ ಆಸುಪಾಸಿನ ಜಗ್ಗಿಗೇ ಹಗ್ಗದ ಹೊದಿಕೆ ಹರಿಯಬಹುದು.

ಒಂಟಿ ಹಗ್ಗವನ್ನು ಎಲ್ಲಿ ಕಟ್ಟಬೇಕೆನ್ನುವುದರಲ್ಲಿ ಒಮ್ಮತವಿಲ್ಲ, ನನ್ನ ನಿಲುವು ಖಚಿತ. ಮೇಲೆ ಕವಲಿಗೇ ಜಾರುಕುಣಿಕೆ ಬಿಗಿದರೆ ಮರದ ಮೇಲೆ ಒಬ್ಬನ ಭಾರ ಮಾತ್ರ ಬೀಳುತ್ತದೆ. ಕವಲಿನ ಮೇಲೆ ಹಾಯಿಸಿ ಇನ್ನೊಂದು ತುದಿಯನ್ನು ನೆಲದಲ್ಲಿ ಕಟ್ಟಿದರೆ ಲೆಕ್ಕಕ್ಕೆ ಎರಡರಷ್ಟು. 80 ಕಿಲೋ ಆಳು ಮತ್ತು ಸಾಮಾನಿಗೆ ಕವಲು 160 ಕಿಲೋ ಹೊರಬೇಕು, ಕುಲುಕಿದರೆ ಇನ್ನೂ ಹೆಚ್ಚು. ಅದಕ್ಕೇ ಹಲವರು ಮೇಲೆ ಕಟ್ಟುವುದೇ ಸರಿ ಎನ್ನುತ್ತಾರೆ. ಆದರೆ ಮೇಲಿರುವವನಿಗೆ ಹೆಜ್ಜೇನು ಮುತ್ತಿದರೆ, ತಲೆ ಸುತ್ತಿದರೆ, ಕೊಂಬೆ ಬಡಿದು ಪ್ರಜ್ಞೆ ತಪ್ಪಿದರೆ, ಮೇಲೆ ಕಟ್ಟಿದ ಹಗ್ಗದಿಂದ ಅವನನ್ನು ಕೆಳಗಿಳಿಸಲು ಇನ್ನೊಬ್ಬ ಹತ್ತಲೇಬೇಕು. ಹತ್ತಬಲ್ಲ ಇನ್ನೊಬ್ಬ ಎಷ್ಟು ತೋಟಗಳಲ್ಲಿದ್ದಾನೆ? ಅಲುಗಾಡದೆ ಹಾರ್ನೆಸ್‌ನಲ್ಲಿ ನೇತುಬಿದ್ದವನಿಗೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಬರಬಹುದು. ಮೂಡಿಗೆರೆಯಿಂದಲೋ ಸಕಲೇಶಪುರದಿಂದಲೋ ಅಗ್ನಿಶಾಮಕದವರು ಬರುವತನಕ ಕಾಯುವ ಮಾತಲ್ಲ. ಆದ್ದರಿಂದ ನೆಲದಲ್ಲೇ ಕಟ್ಟಿ, ಮತ್ತು ಬರೀ ಗಂಟು ಹಾಕದೆ ಇನ್ನೊಂದು 8ರ ಬಳೆಗೆ ಸುತ್ತಿ ಲಾಕ್ ಮಾಡಿ ಕಟ್ಟಿ. ಆಗ ಕೆಳಗಿನ ರೈಟರ್ (ತೋಟದ ಗುಮಾಸ್ತ) ಅಥವಾ ಮೇಸ್ತ್ರಿ ಲಾಕ್ ಬಿಡಿಸಿ, ಹಗ್ಗ ಬಿಡುತ್ತಾ ಅವನನ್ನು ಇಳಿಸಬಹುದು. ಇದಕ್ಕೆ ಎತ್ತರದ ಮೂರರಷ್ಟು ಹಗ್ಗ ಬೇಕು: ಹೋಗುವುದಕ್ಕೆ 40, ಬರುವುದಕ್ಕೆ 40, ಇಳಿಸುವುದಕ್ಕೆ 40, ಗಂಟಿಗೆ ಹತ್ತು. 130 ಅಡಿಯ ಹಗ್ಗ ನೋಡಿ ‘ಇಷ್ಟುದ್ದ ಯಾಕೆ’ ಎಂದು ಎರಡು ತುಂಡು ಮಾಡುವ ಉಳಿತಾಯ ದಯವಿಟ್ಟು ಬೇಡ. ಬುಡದ ಕಟ್ಟನ್ನು ಪಕ್ಕದ ಮರಕ್ಕೆ ಹಾಕಿ. ಕತ್ತಿ ಬೀಸುವವರ, ಬಿದ್ದ ಕೊಂಬೆ ಕಡಿಯುವವರ ದಾರಿಯಲ್ಲಿ ಬೇಡ.

ಎರಡರಷ್ಟು ಭಾರದ ಪ್ರಶ್ನೆಗೆ ಉತ್ತರ ಕವಲಿನ ಆಯ್ಕೆಯಲ್ಲಿದೆ. ಸಿಲ್ವರ್ ಓಕ್ ಮರದ ಕೊಂಬೆ ಪುಟುಕ್ಕನೆ ಮುರಿಯುವ ಜಾತಿ, ಹಾಲುವಾಣ ಮರದ್ದು ಅದಕ್ಕಿಂತ ಕಡೆ. ಹಗ್ಗ ಕೊಂಬೆಯ ನಡುವೆ ಬೀಳದೆ, ಹಸಿ ಕೊಂಬೆಯ ಬುಡದಲ್ಲಿ, ಕಾಂಡಕ್ಕೆ ಒತ್ತಿಕೊಂಡೇ ಹಾಯಬೇಕು. ಅಲ್ಲಿ ಕೊಂಬೆಯ ದಪ್ಪ 4 ಇಂಚಿಗೆ ಕಡಿಮೆ ಇರಬಾರದು. ವರ್ಷ ವರ್ಷ ಗಸಿ ಮಾಡಿದ ಮೊಂಡಿನಿಂದ ಎದ್ದ ಕೊಂಬೆ ನೋಡಲು ತೋಳಿನಷ್ಟಿರುತ್ತದೆ, ಆದರೆ ತೊಗಟೆಯ ಹತ್ತಿರವಷ್ಟೇ ಅಂಟಿಕೊಂಡಿರುತ್ತದೆ, ಅದನ್ನು ನಂಬಬಾರದು. ಹತ್ತುವ ಮೊದಲು ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಎರಡು ಸಲ ಕುಲುಕಿ ನೋಡಬೇಕು. ಮುರಿಯುವುದಿದ್ದರೆ ಆಗಲೇ ಮುರಿಯಲಿ.

ಹಗ್ಗ ಮೇಲಕ್ಕೆ ಹಾಯಿಸಲು ತೆಳು ದಾರಕ್ಕೆ 250–300 ಗ್ರಾಂ ಮರಳಿನ ಚೀಲ ಕಟ್ಟಿ ಎಸೆಯುವುದು ರೂಢಿ. ಕಲ್ಲು ಕಟ್ಟಬೇಡಿ, ಕವಲಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕಳಚಿ ತಲೆಗೆ ಬರುತ್ತದೆ. ದಾರವನ್ನು ಕುಯ್ಲು ಮುಗಿಯುವವರೆಗೆ ಮರದಲ್ಲೇ ಬಿಟ್ಟರೆ ಎರಡನೇ ಸುತ್ತಿಗೆ ಎಸೆಯುವ ಕೆಲಸ ಉಳಿಯುತ್ತದೆ. ಆ ದಾರ ಹಗ್ಗವನ್ನು ಎಳೆಯುವುದಕ್ಕೆ ಮಾತ್ರ.

ಮರಗಸಿಗೆ ಹೆಚ್ಚಿಗೆ ಒಂದು ಮಾತು: ಕತ್ತಿ ಹಿಡಿದವನ ಅತಿ ಹತ್ತಿರದ ವೈರಿ ಅವನದೇ ಹಗ್ಗ. ಬಿಗಿದ ಹಗ್ಗಕ್ಕೆ ಹರಿತದ ಕತ್ತಿ ಸುಮ್ಮನೆ ಸೋಕಿದರೂ ತುಂಡಾಗುತ್ತದೆ. ಕಡಿಯುವಾಗ ಮುಖ್ಯ ಹಗ್ಗದ ಜೊತೆ, ಬೇರೆ ದಿಕ್ಕಿನಿಂದ, ಎರಡನೇ ಹಿಡಿತ ಇರಲೇಬೇಕು. ಒಳಗೆ ಉಕ್ಕಿನ ತಂತಿಯಿರುವ ಸೊಂಟದ ಹಗ್ಗ ಅದಕ್ಕೆ ಒಳ್ಳೆಯದು, ಆದರೆ ಕರೆಂಟ್ ತಂತಿ ಹತ್ತಿರವಿರುವ ಮರದಲ್ಲಿ ಅದನ್ನೂ ತರಬಾರದು. ಒದ್ದೆ ಹಗ್ಗದಲ್ಲೂ ಕರೆಂಟ್ ಹರಿಯುತ್ತದೆ. ಅಂಥ ಮರಕ್ಕೆ ನಮ್ಮ ಕಡೆ ಮೆಸ್ಕಾಂ, ಹಾಸನದ ಕಡೆ ಸೆಸ್ಕ್‌ನವರಿಗೆ ಹೇಳಿ ಲೈನ್ ತೆಗೆಸದೆ ಯಾವ ಹಗ್ಗದ ಜೋಡಣೆಯೂ ಉಪಯೋಗವಿಲ್ಲ.

ಹಗ್ಗವನ್ನು ಎಲ್ಲಿಡುತ್ತೀರಿ ಎಂಬುದೂ ಲೆಕ್ಕ. ಸ್ಟೋರಿನಲ್ಲಿ ಬ್ಯಾಟರಿ, ಗೊಬ್ಬರ, ಮೈಲುತುತ್ತದ ಪಕ್ಕ ಸುರುಳಿ ಎಸೆದರೆ ಕಣ್ಣಿಗೆ ಕಾಣದಂತೆ ಸಾಯುತ್ತದೆ. ಆಸಿಡ್ ತಾಗಿದ ನೈಲಾನ್ ನೋಡಲು ಹೊಸದರ ಹಾಗೇ ಇರುತ್ತದೆ. ವಾರಕ್ಕೊಮ್ಮೆ ಉದ್ದಕ್ಕೂ ಬೆರಳಲ್ಲಿ ಬಗ್ಗಿಸುತ್ತ ಬನ್ನಿ. ಎಲ್ಲಿ ಕೈಗೆ ಮೆತ್ತಗೆ, ಚಪ್ಪಟೆಯಾಗಿ ಸಿಗುತ್ತದೋ ಅಲ್ಲಿ ತಿರುಳು ಹೋಗಿದೆ. ಅಲ್ಲಿಗೆ ಆ ಹಗ್ಗ ದನದ ಕೊಟ್ಟಿಗೆಗೆ.

ಇಷ್ಟೆಲ್ಲ ಮಾಡಲು ಹೊತ್ತು ಬೇಕು, ಅಲ್ಲೇ ಗಂಟು ಬಿದ್ದಿರುವುದು. ಕಿಲೋ ಲೆಕ್ಕದಲ್ಲಿ ಮೆಣಸು ಕೊಯ್ಯುವವರಿಗೆ ಹಗ್ಗ ಎಸೆದು, ಕುಲುಕಿ, ತಡೆಗಂಟು ನೋಡಿ ಹತ್ತುವ ಒಂದೊಂದು ನಿಮಿಷವೂ ಕೈಯಿಂದಲೇ ನಷ್ಟ. ಅವರು ಹಾರ್ನೆಸ್ ಬೇಡವೆಂದರೆ ಅದು ಹಠವಲ್ಲ, ಲೆಕ್ಕ. ಹಗ್ಗದ ಮೇಲೆ ಕೆಲಸ ಮಾಡುವವರಿಗೆ ದಿನಗೂಲಿ ಕೊಟ್ಟು, ಕೆಳಗೆ ಹಗ್ಗ ಇಳಿಸಬಲ್ಲ ಒಬ್ಬನನ್ನು ಖಾಯಂ ನಿಲ್ಲಿಸುವುದು ಬೆಳೆಗಾರರ ಕೆಲಸ. ಕಲಿಸುವುದು ಮಂಡಳಿಗಳ ಕೆಲಸ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ‘ತೆಂಗಿನ ಮರದ ಸ್ನೇಹಿತರು’ ಯೋಜನೆಯಲ್ಲಿ ಮರ ಹತ್ತುವ ಸಾಧನದ ತರಬೇತಿ, ವಿಮೆ ಎರಡನ್ನೂ ಕೊಟ್ಟಿದೆ. ಕಾಫಿ ಮಂಡಳಿ, ಸಾಂಬಾರ ಮಂಡಳಿ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಸೇರಿ ಮರಗಸಿ ಮತ್ತು ಮೆಣಸಿನವರಿಗೆ ಅಂಥದ್ದೊಂದನ್ನು, ಕುಯ್ಲಿಗೆ ಮೊದಲು, ಡಿಸೆಂಬರಿನಲ್ಲಿ ಇಡಬಹುದು. ಮೊದಲ ದಿನದ ಪಾಠ ಹತ್ತುವುದಾಗದೆ, ಹತ್ತಡಿ ಮೇಲೆ ನೇತುಬಿದ್ದವನನ್ನು ಕೆಳಗಿನವನು ಇಳಿಸುವುದಾಗಲಿ.

ನಿಮ್ಮ ವರದಿಗಾರರಿಗೂ ಒಂದು ಕೋರಿಕೆ. ಮುಂದಿನ ಸಲ ಇಂಥ ಸುದ್ದಿ ಬರೆಯಬೇಕಾಗಿ ಬಂದರೆ ‘ಆಯತಪ್ಪಿ’ ಎಂಬಲ್ಲಿಗೆ ನಿಲ್ಲಿಸಬೇಡಿ. ಎಷ್ಟು ಅಡಿಯಿಂದ, ಯಾವ ಜಾತಿಯ ಮರದಿಂದ, ಹಗ್ಗವಿತ್ತೇ, ಇದ್ದರೆ ಕವಲು ಮುರಿಯಿತೋ, ಗಂಟು ಜಾರಿತೋ, ಹಗ್ಗ ಮುಗಿದುಹೋಯಿತೋ, ಕೆಳಗೆ ಯಾರಿದ್ದರು ಎಂದು ಕೇಳಿ ಎರಡು ಸಾಲು ಹೆಚ್ಚಿಗೆ ಹಾಕಿ. ಪಕ್ಕದ ತೋಟದವರು ಆ ಸಂಜೆಯೇ ತಮ್ಮ ಹಗ್ಗದ ತುದಿಯಲ್ಲಿ ಗಂಟು ಇದೆಯೇ ಎಂದು ನೋಡಿಕೊಳ್ಳುತ್ತಾರೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ